ನಕ್ಷೆ ಓದೋಣ ಬನ್ನಿ

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು, ಕನ್ನಡ ಕಲಿಸುವ ಮೇಷ್ಟ್ರು ಭೂಗೋಳದ ಬಗ್ಗೆ ಮಾತನಾಡಲು ನಿಂತಿದ್ದಾರಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ನಮ್ಮ ಶಾಲೆಗಳ ಸ್ಥಿತಿ ತಮಗೆಲ್ಲ ಗೊತ್ತೇ ಇದೆ. ಸಮಾಜ ವಿಜ್ಞಾನದ ಶಿಕ್ಷಕರು ಇಲ್ಲದ ವರ್ಷ ಆ ಪೀರಿಯಡ್‌ಗಳು ಭಾಷಾ ಶಿಕ್ಷಕರ ಪಾಲಿಗೆ ಬರುತ್ತವೆ. ಹಾಗೆ ನನ್ನ ಪಾಲಿಗೆ ಬಂದ ಭೂಗೋಳ ಈಗ ನನ್ನನ್ನು ಬಿಡುತ್ತಿಲ್ಲ.

ನಮ್ಮ ಮಕ್ಕಳು ನಕ್ಷೆಯನ್ನು ಹೇಗೆ ಕಲಿಯುತ್ತಾರೆ ನೋಡಿ. ಭಾರತದ ರೂಪುರೇಖೆಯ ನಕ್ಷೆಯೊಂದನ್ನು ಕೊಟ್ಟು, ಭಾಕ್ರಾ ನಂಗಲ್ ಗುರುತಿಸಿ, ಕಾಂಡ್ಲಾ ಗುರುತಿಸಿ ಎನ್ನುತ್ತೇವೆ. ಮಕ್ಕಳು ಹತ್ತು ಸಲ ಚುಕ್ಕೆ ಇಟ್ಟು ಕೈಗೆ ರೂಢಿ ಮಾಡಿಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಚುಕ್ಕೆ ಸರಿಯಾದ ಜಾಗಕ್ಕೆ ಬಿದ್ದರೆ ಅಂಕ. ಅಲ್ಲಿಗೆ ನಕ್ಷೆಯ ಋಣ ಮುಗಿಯಿತು. ಆದರೆ ಬಂದರು ಕಾಂಡ್ಲಾದಲ್ಲೇ ಏಕೆ ಬಂತು ಎಂದು ಕೇಳಿ ನೋಡಿ, ತರಗತಿ ಮೌನವಾಗುತ್ತದೆ. 1947ರಲ್ಲಿ ದೇಶ ವಿಭಜನೆಯಾಗಿ ಕರಾಚಿ ಬಂದರು ಪಾಕಿಸ್ತಾನಕ್ಕೆ ಹೋಯಿತು. ವಾಯವ್ಯ ಭಾರತದ ಸರಕಿಗೆ ಬೇರೊಂದು ಬಾಗಿಲು ಬೇಕಾಯಿತು. ಕಛ್ ಖಾರಿಯಲ್ಲಿದ್ದ ಕಾಂಡ್ಲಾವನ್ನು ದೊಡ್ಡ ಬಂದರಾಗಿ ಬೆಳೆಸಿದ್ದು ಆ ಕಾರಣಕ್ಕೆ. ಇದು ಈಗಿನ ದೀನದಯಾಳ್ ಬಂದರು. ಇಷ್ಟು ತಿಳಿದ ಹುಡುಗ ಆ ಚುಕ್ಕೆಯನ್ನು ಮರೆಯುವುದಿಲ್ಲ. ‘ಎಲ್ಲಿದೆ?’ ಎಂಬುದು ಭೂಗೋಳದ ಮೊದಲ ಪ್ರಶ್ನೆ. ‘ಅಲ್ಲೇ ಏಕಿದೆ?’ ಎಂಬುದು ಎರಡನೆಯದು. ನಾವು ಮೊದಲನೆಯದಕ್ಕೇ ಗಂಟೆ ಬಾರಿಸಿ ಮಕ್ಕಳನ್ನು ಮನೆಗೆ ಕಳಿಸುತ್ತಿದ್ದೇವೆ.

ನಕ್ಷೆ ನಮಗೆ ಪರಕೀಯ ವಸ್ತುವೇನಲ್ಲ. ‘ನಕ್ಷೆ’ ಎಂಬ ಕನ್ನಡದ ಮಾತು ನಮ್ಮ ಮನೆಯಲ್ಲಿ ಆಡುವ ‘ನಕ್ಷಾ’ವೇ. ಜಿಲ್ಲೆ, ತಾಲೂಕು, ಜಮೀನು, ಸರಹದ್ದು, ತಹಶೀಲ್ದಾರ್, ಖರಾಬು ಇವೆಲ್ಲ ಅರಬ್ಬಿ, ಪಾರಸಿಯಿಂದ ಉರ್ದುವಿಗೂ ಕನ್ನಡಕ್ಕೂ ಬಂದು ನೆಲೆನಿಂತ ಮಾತುಗಳು. ಮಾನ್ಸೂನ್ ಎಂಬ ಇಂಗ್ಲಿಷ್ ಪದದ ಮೂಲ ಅರಬ್ಬಿಯ ‘ಮೌಸಿಮ್’, ಅಂದರೆ ಋತು. ನಾವು ದಿನಾ ಹೇಳುವ ‘ಮೌಸಮ್’ ಅದೇ. ಉರ್ದು ಮಾಧ್ಯಮದ ಮಕ್ಕಳಿಗೆ ಒಂದು ಅನುಕೂಲವೂ ಇದೆ. ಹವಾಗುಣಕ್ಕೆ ಉರ್ದುವಿನಲ್ಲಿ ‘ಆಬ್-ಒ-ಹವಾ’ ಎನ್ನುತ್ತೇವೆ: ನೀರು ಮತ್ತು ಗಾಳಿ. ಒಂದು ಪ್ರದೇಶದ ಬದುಕನ್ನು ನಿರ್ಧರಿಸುವ ಎರಡು ಸಂಗತಿಗಳು ಆ ಹೆಸರಿನಲ್ಲೇ ಇವೆ. ಇವತ್ತು ಮಳೆ, ನಾಳೆ ಬಿಸಿಲು ಎಂಬುದು ಮೌಸಮ್. ಮೂವತ್ತು ವರ್ಷ ಲೆಕ್ಕ ಇಟ್ಟು ನೋಡಿದಾಗ ಆ ಊರಿಗೆ ಇರುವ ಸ್ವಭಾವ ಆಬ್-ಒ-ಹವಾ. ಈ ವ್ಯತ್ಯಾಸವನ್ನು ವಿವರಿಸಲು ಪಠ್ಯಪುಸ್ತಕ ಒಂದು ಪುಟ ತೆಗೆದುಕೊಳ್ಳುತ್ತದೆ.

ದಿಕ್ಕಿನಿಂದ ಶುರು ಮಾಡೋಣ. ನಕ್ಷೆಯಲ್ಲಿ ಉತ್ತರ ಮೇಲಕ್ಕಿರಬೇಕು ಎಂಬ ನಿಯಮವನ್ನು ಪ್ರಕೃತಿ ಮಾಡಿಲ್ಲ, ಮನುಷ್ಯರು ಮಾಡಿಕೊಂಡದ್ದು. ಸಿಸಿಲಿಯ ದೊರೆ ಎರಡನೇ ರೋಜರ್‌ಗಾಗಿ ಅಲ್ ಇದ್ರೀಸಿ 1154ರಲ್ಲಿ ಮುಗಿಸಿದ ಪ್ರಪಂಚದ ನಕ್ಷೆಯಲ್ಲಿ ದಕ್ಷಿಣ ಮೇಲಿತ್ತು. ಅದನ್ನು ಇಂದು ನೋಡಿದರೆ ತಲೆಕೆಳಗಾದಂತೆ ಕಾಣುತ್ತದೆ. ತಪ್ಪೇನೂ ಇಲ್ಲ, ನಮ್ಮ ಕಣ್ಣಿನ ರೂಢಿ ಬೇರೆ, ಅಷ್ಟೆ. ಆದ್ದರಿಂದ ಯಾವುದೇ ನಕ್ಷೆ ಕೈಗೆ ಬಂದಾಗ ಮೊದಲು ಉತ್ತರ ಎಲ್ಲಿದೆ ಎಂದು ಬಾಣದ ಗುರುತು ಹುಡುಕಿ.

ದಿಕ್ಕಿನ ವಿಷಯದಲ್ಲಿ ನಮ್ಮವರಿಗೆ ದಿನಕ್ಕೆ ಐದು ಬಾರಿ ಪಾಠವಾಗುತ್ತದೆ. ಆದರೂ ಕಿಬ್ಲಾ ಯಾವ ಕಡೆ ಎಂದರೆ ಹೆಚ್ಚಿನವರು ಪಶ್ಚಿಮ ಎಂದುಬಿಡುತ್ತಾರೆ. ಅಟ್ಲಾಸ್ ತೆಗೆಯಿರಿ. ಮಕ್ಕಾ ಇರುವುದು 21 ಡಿಗ್ರಿ ಉತ್ತರ ಅಕ್ಷಾಂಶವನ್ನು ಸ್ವಲ್ಪ ದಾಟಿ, ಬೆಂಗಳೂರು ಸುಮಾರು 13 ಡಿಗ್ರಿಯಲ್ಲಿ. ಅಂದ ಮೇಲೆ ನೇರ ಪಶ್ಚಿಮ ಹೇಗಾದೀತು? ಬೆಂಗಳೂರಿನಿಂದ ಕಿಬ್ಲಾ ಪಶ್ಚಿಮಕ್ಕಿಂತ ಸುಮಾರು 18 ಡಿಗ್ರಿ ಉತ್ತರಕ್ಕೆ ವಾಲಿದೆ. ಇಂಥ ಲೆಕ್ಕಕ್ಕಾಗಿಯೇ ಅಲ್ ಬಿರೂನಿ ಸಾವಿರ ವರ್ಷಗಳ ಹಿಂದೆ ಊರುಗಳ ಅಕ್ಷಾಂಶ, ರೇಖಾಂಶ ಕಂಡುಹಿಡಿಯುವ ಬಗ್ಗೆ ಪ್ರತ್ಯೇಕ ಗ್ರಂಥ ಬರೆದರು. ಇಂದಿನ ಪಾಕಿಸ್ತಾನದ ಪಂಜಾಬಿನಲ್ಲಿರುವ ನಂದನಾ ಕೋಟೆಯ ಬೆಟ್ಟದ ಎತ್ತರವನ್ನು ಅಳೆದು, ಅದರ ಮೇಲಿಂದ ದಿಗಂತ ಎಷ್ಟು ಕೆಳಗೆ ಕಾಣುತ್ತದೆಂದು ಕೋನ ಹಿಡಿದು, ಭೂಮಿಯ ತ್ರಿಜ್ಯವನ್ನು ಲೆಕ್ಕ ಹಾಕಿದವರು ಅವರು.

ಅಕ್ಷಾಂಶ, ರೇಖಾಂಶ ಎಂದೊಡನೆ ಮಕ್ಕಳಿಗೆ ಯಾವುದು ಅಡ್ಡ, ಯಾವುದು ಉದ್ದ ಎಂಬ ಗೊಂದಲ. ಗೋಲದ ಮೇಲೆ ಅಡ್ಡಲಾಗಿ ಉಂಗುರಗಳಂತೆ ಹೋಗುವುದು ಅಕ್ಷಾಂಶ, ಉರ್ದುವಿನಲ್ಲಿ ‘ಅರ್ಜ್ ಬಲದ್’. ಧ್ರುವದಿಂದ ಧ್ರುವಕ್ಕೆ ಕಿತ್ತಳೆ ತೊಳೆಯ ಅಂಚಿನಂತೆ ಹೋಗುವುದು ರೇಖಾಂಶ, ‘ತೂಲ್ ಬಲದ್’. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ. ಹಾಗಾಗಿ ಒಂದು ಡಿಗ್ರಿ ರೇಖಾಂಶಕ್ಕೆ ನಾಲ್ಕು ನಿಮಿಷ. ಇದನ್ನು ಬಾಯಿಪಾಠ ಮಾಡಿಸುವ ಬದಲು ನಾನು ತರಗತಿಗೆ ರಮಜಾನ್ ವೇಳಾಪಟ್ಟಿ ತೆಗೆದುಕೊಂಡು ಹೋಗುತ್ತೇನೆ. ಬೆಂಗಳೂರು, ಮಂಗಳೂರು ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ರೇಖಾಂಶದಲ್ಲಿ ಮಾತ್ರ ಸುಮಾರು ಎರಡೂ ಮುಕ್ಕಾಲು ಡಿಗ್ರಿ ವ್ಯತ್ಯಾಸ. ಅದನ್ನು ನಾಲ್ಕರಿಂದ ಗುಣಿಸಿ: ಹನ್ನೊಂದು ನಿಮಿಷ. ಬೆಂಗಳೂರಿನಲ್ಲಿ ಇಫ್ತಾರ್ ಆಗಿ ಹನ್ನೊಂದು ನಿಮಿಷವಾದ ಮೇಲೆ ಮಂಗಳೂರಿನಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ. ಇಬ್ಬರ ಗಡಿಯಾರವೂ ಒಂದೇ, ಏಕೆಂದರೆ ದೇಶಕ್ಕೆಲ್ಲ 82½ ಡಿಗ್ರಿ ಪೂರ್ವ ರೇಖಾಂಶದ ಸಮಯವೇ ಸಮಯ. ಸೂರ್ಯ ಮಾತ್ರ ಆ ಒಪ್ಪಂದಕ್ಕೆ ಸಹಿ ಹಾಕಿಲ್ಲ! ಬೀದರ್, ಚಾಮರಾಜನಗರಗಳ ವಿಷಯ ಇದಕ್ಕೆ ತಿರುವುಮುರುವು. ಅಲ್ಲಿ ರೇಖಾಂಶ ಹತ್ತಿರ, ಅಕ್ಷಾಂಶ ದೂರ. ಆದ್ದರಿಂದ ಬೀದರ್‌ನಲ್ಲಿ ಬೇಸಿಗೆಯ ರೋಜಾ ಹೆಚ್ಚು ಉದ್ದ, ಚಳಿಗಾಲದ್ದು ಹೆಚ್ಚು ಗಿಡ್ಡ.

ಸ್ಕೇಲ್ ಬಗ್ಗೆ ಎರಡೇ ಮಾತು. ಒಂದು ಸೆಂಟಿಮೀಟರಿಗೆ ಎಷ್ಟು ನೆಲ ಎಂಬುದೇ ಸ್ಕೇಲ್. ಸರ್ವೇ ಆಫ್ ಇಂಡಿಯಾದವರ 1:50,000 ಸ್ಥಳಾಕೃತಿ ನಕ್ಷೆಯಲ್ಲಿ, ಅಂದರೆ ಟೋಪೋಶೀಟಿನಲ್ಲಿ, ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್. ಇನ್ನು ಗೋಡೆಗೆ ಹಾಕುವ ಪ್ರಪಂಚದ ನಕ್ಷೆ. ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಿದಾಗ ಎಲ್ಲಾದರೂ ಒಂದು ಕಡೆ ಹಿಗ್ಗಲೇಬೇಕು. 1569ರಲ್ಲಿ ಮರ್ಕೇಟರ್ ಮಾಡಿದ ಮಾದರಿಯಲ್ಲಿ ಧ್ರುವದ ಕಡೆಯ ಭಾಗಗಳು ವಿಪರೀತ ಹಿಗ್ಗುತ್ತವೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಹೆಚ್ಚುಕಡಿಮೆ ಆಫ್ರಿಕಾದಷ್ಟು ದೊಡ್ಡದು. ವಾಸ್ತವದಲ್ಲಿ ಆಫ್ರಿಕಾ ಅದಕ್ಕಿಂತ ಸುಮಾರು ಹದಿನಾಲ್ಕು ಪಟ್ಟು ದೊಡ್ಡದು, ನಮ್ಮ ಭಾರತವೂ ಗ್ರೀನ್‌ಲ್ಯಾಂಡಿಗಿಂತ ದೊಡ್ಡದು. ನಕ್ಷೆಯೂ ಒಮ್ಮೊಮ್ಮೆ ದಾರಿ ತಪ್ಪಿಸುತ್ತದೆ, ಅದಕ್ಕೇ ಅದನ್ನು ಪ್ರಶ್ನಿಸುತ್ತಾ ಓದಬೇಕು.

ಈಗ ಇವತ್ತಿನ ಮುಖ್ಯ ವಿಷಯಕ್ಕೆ ಬರುತ್ತೇನೆ. ಕರ್ನಾಟಕದ ನಕ್ಷೆಯನ್ನು ಎದುರಿಗೆ ಇಟ್ಟುಕೊಳ್ಳಿ. ಉಡುಪಿ ಪಕ್ಕದ ಮಲ್ಪೆಯಿಂದ ಒಂದು ಗೆರೆ ಎಳೆಯಲು ಶುರು ಮಾಡಿ ಆಗುಂಬೆಗೆ ಬನ್ನಿ. ಅಲ್ಲಿಂದ ಈಶಾನ್ಯದ ಕಡೆ ತೀರ್ಥಹಳ್ಳಿ, ಶಿವಮೊಗ್ಗ, ಚಿತ್ರದುರ್ಗದ ಮೇಲಾಸಿ ಚಳ್ಳಕೆರೆಗೆ ತಂದು ನಿಲ್ಲಿಸಿ. ಆಗುಂಬೆಯಿಂದ ಚಳ್ಳಕೆರೆಗೆ ಹಕ್ಕಿ ಹಾರಿದಂತೆ ಸುಮಾರು 190 ಕಿಲೋಮೀಟರ್. ಒಂದು ಸೆಂಟಿಮೀಟರಿಗೆ ಹತ್ತು ಕಿಲೋಮೀಟರ್ ಸ್ಕೇಲಿನ ನಕ್ಷೆಯಲ್ಲಿ ನಿಮ್ಮ ಗೆರೆ 19 ಸೆಂಟಿಮೀಟರ್ ಬರುತ್ತದೆ. ಅದೇ ಗೆರೆಯನ್ನು ಟೋಪೋಶೀಟುಗಳನ್ನು ಜೋಡಿಸಿ ಎಳೆದರೆ ಸುಮಾರು 380 ಸೆಂಟಿಮೀಟರ್, ಈ ಸಭಾಂಗಣದ ನೆಲವೇ ಬೇಕು!

ಈ ಸಣ್ಣ ಗೆರೆಯ ಮೇಲೆ ಏನಾಗುತ್ತದೆ ನೋಡಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಚಳ್ಳಕೆರೆಯಲ್ಲಿ 500ರ ಆಸುಪಾಸು. ಬೆಳಿಗ್ಗೆ ಆಗುಂಬೆಯಲ್ಲಿ ಬಸ್ ಹತ್ತಿದವನು ಸಂಜೆಯೊಳಗೆ ಇನ್ನೊಂದು ಲೋಕದಲ್ಲಿ ಇಳಿಯುತ್ತಾನೆ. ಅಕ್ಷಾಂಶದಲ್ಲಿ ಒಂದು ಡಿಗ್ರಿಯಷ್ಟೂ ವ್ಯತ್ಯಾಸವಿಲ್ಲ, ಸೂರ್ಯನ ಬಿಸಿಲು ಇಬ್ಬರಿಗೂ ಸಮಾನ. ಹಾಗಾದರೆ ಈ ಅಂತರ ಎಲ್ಲಿಂದ ಬಂತು?

ಉತ್ತರ ಗೆರೆಯ ಮೇಲೇ ಇದೆ. ಜೂನ್‌ನಲ್ಲಿ ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ಮುಂಗಾರು ಗಾಳಿಗೆ ಐವತ್ತು ಕಿಲೋಮೀಟರ್ ಒಳಗೇ ಘಟ್ಟದ ಗೋಡೆ ಅಡ್ಡ ಬರುತ್ತದೆ. ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಗಾಳಿ ಮೇಲೇರಬೇಕು. ಮೇಲೇರಿದಂತೆ ತಣ್ಣಗಾಗುತ್ತದೆ, ತಣ್ಣನೆಯ ಗಾಳಿಗೆ ಅಷ್ಟು ತೇವ ಹಿಡಿದಿಟ್ಟುಕೊಳ್ಳುವ ಶಕ್ತಿ ಇಲ್ಲ, ಮೋಡವಾಗಿ ಅಲ್ಲೇ ಸುರಿಯುತ್ತದೆ. ಆಮೇಲೆ ಹಗುರಾದ ಗಾಳಿ ಪೂರ್ವಕ್ಕೆ ಇಳಿಯುತ್ತದೆ, ಇಳಿಯುತ್ತಾ ಬಿಸಿಯಾಗುತ್ತದೆ, ಒಣಗುತ್ತದೆ. ಶಿವಮೊಗ್ಗ ತಲುಪುವಷ್ಟರಲ್ಲಿ ಅದರ ಚೀಲ ಬಹುಪಾಲು ಖಾಲಿ. ಚಿತ್ರದುರ್ಗ, ಚಳ್ಳಕೆರೆಗಳು ಮಳೆನೆರಳಿನಲ್ಲಿವೆ. ಅವುಗಳಿಗೆ ಸೆಪ್ಟೆಂಬರ್, ಅಕ್ಟೋಬರಿನ ಮಳೆಯೇ ದೊಡ್ಡ ಆಸರೆ.

ಅಕ್ಷಾಂಶ ಒಂದೇ ಆದರೆ ಹವಾಗುಣವೂ ಒಂದೇ ಎಂದು ಯಾರಾದರೂ ಹೇಳಿದರೆ ನೀವು ಒಪ್ಪಬಾರದು. ಆಗುಂಬೆಯ ಅಕ್ಷಾಂಶವಾದ 13½ ಡಿಗ್ರಿಯನ್ನೇ ಹಿಡಿದು ಪಶ್ಚಿಮಕ್ಕೆ ಹೋದರೆ ಆಫ್ರಿಕಾದ ನೈಜರ್ ದೇಶದ ರಾಜಧಾನಿ ನಿಯಾಮೆ ಸಿಗುತ್ತದೆ, ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಸಾಹೇಲ್ ಎಂಬ ಒಣ ಪ್ರದೇಶದಲ್ಲಿ. ಅಲ್ಲಿ ಬೀಳುವ ಮಳೆ ಆಗುಂಬೆಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ.

ನೀರು ಬದಲಾದರೆ ಗಿಡ ಬದಲಾಗುತ್ತದೆ, ಗಿಡ ಬದಲಾದರೆ ಪ್ರಾಣಿ, ಕೊನೆಗೆ ಮನುಷ್ಯರ ಕಸುಬು. ಇದನ್ನೇ ಭೂಗೋಳದಲ್ಲಿ ಬಯೋಮ್ ಎನ್ನುತ್ತಾರೆ, ಕನ್ನಡದಲ್ಲಿ ಜೀವವಲಯ ಎನ್ನಬಹುದು. ಉಷ್ಣವಲಯದ ಮಳೆಕಾಡು, ಎಲೆ ಉದುರುವ ಕಾಡು, ಹುಲ್ಲುಗಾವಲು, ಮರುಭೂಮಿ, ಟಂಡ್ರಾ ಎಂದು ಪುಸ್ತಕದಲ್ಲಿ ಬಣ್ಣದ ನಕ್ಷೆಯೊಂದಿಗೆ ಕೊಟ್ಟಿರುತ್ತಾರೆ. ನಮ್ಮ ಮಕ್ಕಳು ಅಮೆಜಾನ್ ಕಾಡು, ಆಫ್ರಿಕಾದ ಸವನ್ನಾ ಎಂದು ಉದಾಹರಣೆ ಬರೆಯುತ್ತಾರೆ. ಬರೆಯಲಿ, ಬೇಡವೆನ್ನುವುದಿಲ್ಲ. ಆದರೆ ಅದರಲ್ಲಿ ಮೂರು ವಲಯಗಳು ಒಂದು ದಿನದ ಬಸ್ ಪ್ರಯಾಣದಲ್ಲಿ ಸಿಗುವಾಗ ಅಮೆಜಾನಿಗೆ ಏಕೆ ಹೋಗಬೇಕು?

ಆಗುಂಬೆಯಲ್ಲಿ ವರ್ಷವಿಡೀ ಹಸಿರಾಗಿರುವ ಕಾಡು. ಮರಗಳು ಒಂದರ ಮೇಲೊಂದು ಅಂತಸ್ತು ಕಟ್ಟಿವೆ, ನೆಲಕ್ಕೆ ಬಿಸಿಲು ತಲುಪುವುದೇ ಅಪರೂಪ. ಕಾಳಿಂಗ ಸರ್ಪದ ನಾಡು ಅದು. ಮಂಡಗದ್ದೆ ದಾಟಿ ಶಿವಮೊಗ್ಗ, ಭದ್ರಾ ಕಡೆಗೆ ಬಂದರೆ ತೇಗ, ಮತ್ತಿ, ಹೊನ್ನೆ, ಬೀಟೆ, ಬಿದಿರು. ಈ ಮರಗಳು ಬೇಸಿಗೆಗೆ ಎಲೆ ಉದುರಿಸುತ್ತವೆ. ಎಲೆಯ ಮೂಲಕ ನೀರು ಆರಿಹೋಗದಂತೆ ಉಳಿತಾಯ ಮಾಡುವ ಉಪಾಯ ಇದು. ಆನೆ, ಕಾಟಿ, ಹುಲಿಗಳಿಗೆ ಈ ಕಾಡು ಇಷ್ಟ, ಏಕೆಂದರೆ ನೆಲದ ಮೇಲೆ ಮೇವಿದೆ. ಚಿತ್ರದುರ್ಗ ದಾಟಿದರೆ ಜಾಲಿ, ಕಾರೆ, ಮುಳ್ಳುಕಂಟಿ, ನಡುವೆ ಹರಡಿದ ಹುಲ್ಲು. ಎಲೆ ಚಿಕ್ಕದಾಗಿ, ಮುಳ್ಳು ದೊಡ್ಡದಾಗಿ, ಬೇರು ಆಳವಾಗಿ ಹೋಗುತ್ತದೆ. ಅಲ್ಲಿ ಓಡುವವನು ಕೃಷ್ಣಮೃಗ.

ಇನ್ನು ಈ ಊರುಗಳ ಪೇಟೆಗಳನ್ನು ನೋಡಿ. ತೀರ್ಥಹಳ್ಳಿಯಲ್ಲಿ ಅಡಿಕೆ ಮಂಡಿ. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಗಿರಣಿಗಳು ಮತ್ತು ಕಂಬಳಿ. ಶೇಂಗಾ ಕಡಿಮೆ ಮಳೆಯಲ್ಲೂ ಬರುವ ಬೆಳೆ. ಕಂಬಳಿಗೆ ಉಣ್ಣೆ ಬೇಕು, ಉಣ್ಣೆಗೆ ಕುರಿ, ಕುರಿಗೆ ಹುಲ್ಲು. ಘಟ್ಟದ ಕಾಡಿನಲ್ಲಿ ಕುರಿಮಂದೆ ಬಿಟ್ಟರೆ ಜಿಗಣೆಗೂ ಕಾಯಿಲೆಗೂ ಬಲಿ. ಹೀಗೆ ಗಾಳಿ ಎತ್ತ ಬೀಸುತ್ತದೆ ಎಂಬುದರಿಂದ ಹೊರಟ ಲೆಕ್ಕ ಪೇಟೆಯಲ್ಲಿ ಯಾರು ಯಾವ ಅಂಗಡಿ ಇಟ್ಟಿದ್ದಾರೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ನನಗೆ ಭೂಗೋಳದ ರುಚಿ ಹತ್ತಿದ್ದೇ ಇಲ್ಲಿ.

ಚಳ್ಳಕೆರೆ ಸುತ್ತಿನ ಹುಲ್ಲುಗಾವಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಅಮೃತಮಹಲ್ ಕಾವಲುಗಳೆಂದು ದನ ಮೇಯಿಸಲು ಮೀಸಲಿಟ್ಟ ವಿಶಾಲ ಬಯಲುಗಳಿದ್ದವು. ಹುಲ್ಲುಗಾವಲನ್ನು ನಮ್ಮಲ್ಲಿ ಅನೇಕರು ‘ಬೀಳು ಜಮೀನು’ ಎಂದು ಕರೆಯುತ್ತಾರೆ. ಮರವಿಲ್ಲದ ಜಾಗ ಎಂದರೆ ಕೆಲಸಕ್ಕೆ ಬಾರದ ಜಾಗ ಎಂಬ ಭಾವನೆ. ಸಾವಿರಾರು ಎಕರೆ ಕಾವಲು ದೊಡ್ಡ ದೊಡ್ಡ ಸಂಸ್ಥೆಗಳ ಬೇಲಿಯೊಳಗೆ ಹೋದಾಗ ಕುರಿಗಾಹಿಗಳ ದಾರಿ ಮುಚ್ಚಿತು. ಪರಿಸರ ದಿನಾಚರಣೆಯಂದು ನಾವು ಎಲ್ಲ ಕಡೆಯೂ ಸಸಿ ನೆಡುತ್ತೇವೆ. ಒಳ್ಳೆಯದೇ, ಆದರೆ ಹುಲ್ಲುಗಾವಲಿನಲ್ಲಿ ದಟ್ಟವಾಗಿ ಮರ ನೆಟ್ಟರೆ ಕೃಷ್ಣಮೃಗಕ್ಕೂ ಕುರಿಗೂ ಅದು ಉಪಕಾರವಲ್ಲ. ಯಾವ ನೆಲಕ್ಕೆ ಏನು ಎಂಬುದನ್ನು ನೋಡಿ ನೆಡಬೇಕು. ಈ ಮಾತಿಗೆ ನನ್ನ ಸಹೋದ್ಯೋಗಿಗಳೇ ನನ್ನೊಂದಿಗೆ ಜಗಳವಾಡುತ್ತಾರೆ.

ಕಡಿಮೆ ಮಳೆಯ ನಾಡಿನ ಜನ ದಡ್ಡರಾಗಿರಲಿಲ್ಲ. ಚಳ್ಳಕೆರೆ, ಅರಸೀಕೆರೆ ಮುಂತಾಗಿ ಬಯಲುಸೀಮೆಯಲ್ಲಿ ಎಷ್ಟೊಂದು ಊರುಗಳ ಹೆಸರಿನ ಕೊನೆಗೆ ಕೆರೆ ಇದೆ ಎಂದು ಭಾಷಾ ಶಿಕ್ಷಕನಾಗಿ ಗಮನಿಸುತ್ತಾ ಬಂದಿದ್ದೇನೆ. ಮಳೆ ಕಡಿಮೆ ಇರುವಲ್ಲೇ ಬಿದ್ದ ನೀರನ್ನು ಹಿಡಿದಿಡುವ ಅಗತ್ಯ. ಚಿತ್ರದುರ್ಗದ ಕೋಟೆಯೊಳಗೆ ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅದು ತುಂಬಿದರೆ ಕೆಳಗಿನ ಹೊಂಡಗಳಿಗೆ ನೀರು ಇಳಿಯುವ ಏರ್ಪಾಡು ಇದೆ. ಬೀದರಿನಲ್ಲಿ ಬಹಮನಿಗಳ ಕಾಲದ ನೌಬಾದ್ ಕರೇಜ್ ಇದೆ: ನೆಲದೊಳಗಿನ ಸುರಂಗದಲ್ಲಿ ಇಳಿಜಾರಿನ ಬಲದಿಂದಲೇ, ಪಂಪಿಲ್ಲದೆ, ನೀರನ್ನು ಊರಿಗೆ ತರುವ ಇರಾನಿ ವಿದ್ಯೆ. ಕೈಯಲ್ಲಿ ಛಾಪಿಸಿದ ನಕ್ಷೆ ಇಲ್ಲದಿದ್ದರೂ ಅವರು ನೆಲದ ಏರಿಳಿತವನ್ನು ಓದಬಲ್ಲವರಾಗಿದ್ದರು.

ನಾವು ಅದನ್ನು ಕಾಗದದ ಮೇಲೆ ಓದಬಹುದು. ಟೋಪೋಶೀಟಿನಲ್ಲಿ ಕಂದು ಬಣ್ಣದ ತೆಳು ಗೆರೆಗಳಿರುತ್ತವೆ. ಅವು ಸಮೋನ್ನತಿ ರೇಖೆಗಳು, ಒಂದೇ ಎತ್ತರದ ಸ್ಥಳಗಳನ್ನು ಸೇರಿಸುವ ಗೆರೆಗಳು. ಸಾಮಾನ್ಯವಾಗಿ ಗೆರೆಯಿಂದ ಗೆರೆಗೆ 20 ಮೀಟರ್ ಏರಿಕೆ. ಗೆರೆಗಳು ದೂರ ದೂರ ಇದ್ದರೆ ಸಮತಟ್ಟು, ಒತ್ತೊತ್ತಾಗಿದ್ದರೆ ಕಡಿದಾದ ಇಳಿಜಾರು. ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿ ಇರುವಲ್ಲಿ ಇಪ್ಪತ್ತಕ್ಕೂ ಹೆಚ್ಚು ಗೆರೆಗಳು ಬೆರಳಗಲದಲ್ಲಿ ನೂಕುನುಗ್ಗಲು ಮಾಡುತ್ತವೆ. ಅಂಥ ಕಡೆ ಬುಡವನ್ನು ಕಡಿದು ರಸ್ತೆ ಅಗಲ ಮಾಡಿದರೆ, ಮೇಲೆ ನೀರು ಇಂಗಿದ ಮಣ್ಣಿಗೆ ಆಧಾರ ತಪ್ಪುತ್ತದೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಲಾರಿಗಳ ಸಮೇತ ಜನ ಗಂಗಾವಳಿ ನದಿಯ ಪಾಲಾದರು. ಅದೇ ತಿಂಗಳ 30ರಂದು ವಯನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಅಲ್ಲಿ ಮಳೆಯೂ ವಿಪರೀತವಾಗಿತ್ತು, ನಿಜ. ಆದರೆ ಕಡಿದಾದ ಇಳಿಜಾರು ಯಾವುದು, ಅದರ ಬುಡ ಯಾವುದು ಎಂದು ನಕ್ಷೆ ಮೊದಲೇ ತೋರಿಸುತ್ತದೆ.

ಪೋಷಕರೇ, ಇಲ್ಲಿಂದ ಮುಂದಿನ ಮಾತು ಮಕ್ಕಳಿಗಿಂತ ಹೆಚ್ಚಾಗಿ ತಮಗೆ.

ನನಗೆ ಪರಿಚಯವಿರುವ ಒಂದು ಕುಟುಂಬ. ಮನೆಯ ಯಜಮಾನರು ಕೊಲ್ಲಿ ದೇಶದಲ್ಲಿ ಹನ್ನೊಂದು ವರ್ಷ ಡ್ರೈವರಿಕೆ ಮಾಡಿ ಉಳಿಸಿದ ಹಣದಲ್ಲಿ 30×40 ಸೈಟು ಕೊಂಡರು. ಮಧ್ಯವರ್ತಿ ತೋರಿಸಿದ್ದು ಬೇಸಿಗೆಯಲ್ಲಿ. ಚೆನ್ನಾಗಿ ಮಟ್ಟ ಮಾಡಿದ ಕೆಂಪು ಮಣ್ಣಿನ ಜಾಗ, ಸುಣ್ಣದ ಗೆರೆ, ಕಲ್ಲು. ರಿಜಿಸ್ಟರ್ ಆಗಿದೆ ಎಂಬುದೇ ಅವರಿಗೆ ದೊಡ್ಡ ಧೈರ್ಯ. ಮನೆ ಕಟ್ಟಿದ ಮೊದಲ ದೊಡ್ಡ ಮಳೆಗೆ ಮೊಣಕಾಲೆತ್ತರ ನೀರು ಒಳಗೆ ಬಂತು. ಎರಡನೇ ವರ್ಷವೂ ಬಂತು. ಅಕ್ಕಿ ಮೂಟೆ, ಮಗಳ ಮದುವೆಗೆಂದು ತಂದಿಟ್ಟ ಬಟ್ಟೆ, ಮಕ್ಕಳ ಪುಸ್ತಕ ಎಲ್ಲ ನೆನೆದವು. ಮೂರನೇ ವರ್ಷ ನೋಟಿಸ್ ಬಂತು. ಆ ಸರ್ವೆ ನಂಬರಿನ ಗ್ರಾಮ ನಕ್ಷೆ ತೆಗೆದು ನೋಡಿದರೆ, ಕೆರೆಯ ಕೋಡಿಯಿಂದ ಹೊರಟ ಹಳ್ಳದ ಗೆರೆ ಸರಿಯಾಗಿ ಅವರ ಅಡುಗೆಮನೆಯ ಮೇಲೆ ಹಾದುಹೋಗಿತ್ತು. ಹಳ್ಳ ಎಲ್ಲಿಂದಲೋ ಬಂದು ಅವರ ಮನೆಗೆ ನುಗ್ಗಿರಲಿಲ್ಲ. ತಲೆತಲಾಂತರದಿಂದ ಹರಿಯುತ್ತಿದ್ದ ದಾರಿಯಲ್ಲೇ ಹರಿದಿತ್ತು.

ಇದು ಬಡವರಿಗೆ ಮಾತ್ರ ಬರುವ ಕಷ್ಟ ಎಂದುಕೊಳ್ಳಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರತಂದರು. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ವ್ಯತ್ಯಾಸ ಇಷ್ಟೇ: ಉಳ್ಳವರಿಗೆ ನೀರು ಇಳಿಯುವವರೆಗೆ ಹೋಟೆಲಿದೆ, ನಮ್ಮವರಿಗೆ ಶಾಲೆಯ ಜಗಲಿ.

ರಿಜಿಸ್ಟ್ರೇಷನ್ ಆಗಿದೆ ಎಂದರೆ ಆ ವ್ಯವಹಾರ ದಾಖಲಾಗಿದೆ ಎಂದಷ್ಟೇ ಅರ್ಥ. ನೆಲ ಎಂಥದ್ದು ಎಂದು ಆ ಕಾಗದ ಹೇಳುವುದಿಲ್ಲ, ನಕ್ಷೆ ಹೇಳುತ್ತದೆ. ಗ್ರಾಮ ನಕ್ಷೆಗಳು ಭೂಮಾಪನ ಇಲಾಖೆಯ ಜಾಲತಾಣದಲ್ಲೇ ಸಿಗುತ್ತವೆ. ಅದರಲ್ಲಿ ಸರ್ವೆ ನಂಬರುಗಳ ಗಡಿ, ಕೆರೆ, ಹಳ್ಳ, ಬಂಡಿದಾರಿ ಎಲ್ಲ ಇರುತ್ತವೆ. ಪಹಣಿಯಲ್ಲಿ ‘ಬಿ ಖರಾಬು’ ಎಂದು ಕಂಡರೆ ನಿಲ್ಲಿ. ದಾರಿ, ಹಳ್ಳ, ಕೆರೆಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ ಅದು, ಮಾರುವ ಹಕ್ಕು ಯಾರಿಗೂ ಇಲ್ಲ. ದಿಶಾಂಕ್ ಎಂಬ ಆ್ಯಪನ್ನು ಮೊಬೈಲಿಗೆ ಹಾಕಿಕೊಂಡು ಸೈಟಿನಲ್ಲಿ ನಿಂತು ತೆರೆದರೆ ನೀವು ನಿಂತಿರುವ ಸರ್ವೆ ನಂಬರು ಯಾವುದೆಂದು ತೋರಿಸುತ್ತದೆ. ಅದೊಂದನ್ನೇ ನಂಬಿ ಹಣ ಕೊಡಬೇಡಿ, ಭೂಮಾಪಕರಿಂದ ಅಳತೆ ಮಾಡಿಸಿ. ಆದರೆ ಮುಂಗಡ ಕೊಡುವ ಮೊದಲು ಅನುಮಾನ ಹುಟ್ಟಿಸಲು ಅಷ್ಟು ಸಾಕು. ಊರಿನ, ಬಡಾವಣೆಯ ಹಳೆಯ ಹೆಸರನ್ನೂ ಕೇಳಿ. ಕೋಡಿ, ಕಟ್ಟೆ, ಹಳ್ಳ, ತಾಲಾಬ್ ಎಂಬ ಮಾತು ಹೆಸರಿನಲ್ಲಿದ್ದರೆ ಅಲ್ಲೊಂದು ಕಾಲಕ್ಕೆ ನೀರಿತ್ತು ಎಂದು ತಿಳಿಯಿರಿ. ಬಡಾವಣೆಗೆ ಹೊಸ ಹೆಸರಿಡುವುದು ಸುಲಭ, ನೀರಿಗೆ ಆ ಹೆಸರು ತಿಳಿಸುವುದು ಕಷ್ಟ.

ಇಂಥ ನಕ್ಷೆಗಳು ನಮ್ಮ ನಾಡಿಗೆ ಹೇಗೆ ಬಂದವು ಎಂಬುದೂ ಯೋಚಿಸಬೇಕಾದ ವಿಷಯ. 1799ರಲ್ಲಿ ಶ್ರೀರಂಗಪಟ್ಟಣದ ಯುದ್ಧದಲ್ಲಿ ಕಂಪನಿಯ ಸೈನ್ಯದಲ್ಲಿದ್ದ ಲ್ಯಾಂಬ್ಟನ್ ಮರುವರ್ಷವೇ ಬೆಂಗಳೂರಿನ ಬಳಿ ಸರಪಳಿ ಹಿಡಿದು ಆಧಾರರೇಖೆ ಅಳೆಯುತ್ತಿದ್ದ. ಅದೇ ಹೊತ್ತಿಗೆ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಕೈಗೆತ್ತಿಕೊಂಡ. ಗೆದ್ದವರು ಮೊದಲು ಮಾಡಿದ ಕೆಲಸಗಳಲ್ಲಿ ನಕ್ಷೆ ಬರೆಯುವುದೂ ಒಂದು. ನೆಲವನ್ನು ಕಾಗದದ ಮೇಲೆ ಓದಬಲ್ಲವರ ಕೈಗೆ ನೆಲ ಸೇರುತ್ತದೆ ಎಂದು ಅವರಿಗೆ ಗೊತ್ತಿತ್ತು. ಆಗ ಅದು ಅವರ ಗುಟ್ಟು. ಈಗ ಸರ್ವೇ ಆಫ್ ಇಂಡಿಯಾದ ನಕ್ಷೆಗಳನ್ನು ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. 2017ರಲ್ಲಿ ಅದಕ್ಕಾಗಿ ಅವರು ತೆರೆದ ಜಾಲತಾಣದ ಹೆಸರೇ ‘ನಕ್ಷೆ’! ಬಾಗಿಲು ತೆರೆದಿದೆ, ಒಳಗೆ ಹೋಗುವವರು ಕಡಿಮೆ.

ವಿದ್ಯಾರ್ಥಿಗಳೇ, ನಿಮಗೊಂದು ಮನೆಗೆಲಸ ಕೊಟ್ಟು ಮಾತು ಮುಗಿಸುತ್ತೇನೆ. ಒಂದು ಡ್ರಾಯಿಂಗ್ ಹಾಳೆ ತೆಗೆದುಕೊಳ್ಳಿ. ಹತ್ತು ಹೆಜ್ಜೆಗೆ ಒಂದು ಸೆಂಟಿಮೀಟರ್ ಎಂದು ಸ್ಕೇಲ್ ಇಟ್ಟುಕೊಂಡು ನಿಮ್ಮ ಓಣಿಯ ನಕ್ಷೆ ಬರೆಯಿರಿ. ಮೊಬೈಲಿನ ದಿಕ್ಸೂಚಿ ನೋಡಿ ಉತ್ತರದ ಬಾಣ ಹಾಕಿ. ಮನೆ, ಮಸೀದಿ, ಕಿರಾಣಿ ಅಂಗಡಿ, ಬೋರ್‌ವೆಲ್, ಚರಂಡಿ, ದೊಡ್ಡ ಮರ ಎಲ್ಲ ಬರಲಿ, ಹೆಣ್ಣುಮಕ್ಕಳ ಹಾಳೆಯಲ್ಲಿ ನೀರು ಹಿಡಿಯಲು ನಡೆಯುವ ದಾರಿಯೂ ಬರಲಿ. ಆಮೇಲೆ ಮುಂಗಾರಿನ ಮೊದಲ ದೊಡ್ಡ ಮಳೆ ಬಂದಾಗ ಕೊಡೆ ಹಿಡಿದು ಹೊರಗೆ ನಿಂತು ನೋಡಿ: ನೀರು ಎಲ್ಲಿಂದ ಬರುತ್ತದೆ, ಎತ್ತ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ. ನೀಲಿ ಪೆನ್ಸಿಲಿನಲ್ಲಿ ಬಾಣ ಹಾಕಿ. ಮನೆಯಲ್ಲಿ ಅಜ್ಜಿ, ತಾತ ಇದ್ದರೆ ಮೊದಲು ಇಲ್ಲಿ ಏನಿತ್ತು ಎಂದು ಕೇಳಿ ಹಾಳೆಯ ಹಿಂದೆ ಬರೆದುಕೊಳ್ಳಿ. ಆ ಹಾಳೆಯನ್ನು ನನ್ನಲ್ಲಿಗೆ ತನ್ನಿ. ನಾನು ನಮ್ಮ ಊರಿನ ಗ್ರಾಮ ನಕ್ಷೆಯ ಪ್ರತಿ ತೆಗೆದಿಟ್ಟಿರುತ್ತೇನೆ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ಹಾಸಿ, ನಿಮ್ಮ ನೀಲಿ ಬಾಣಗಳು ಅದರ ಹಳ್ಳದ ಗೆರೆಯೊಂದಿಗೆ ಎಲ್ಲೆಲ್ಲಿ ಕೂಡುತ್ತವೆ ಎಂದು ನೋಡೋಣ.